ಸೋಮವಾರ ಓದಿದ ಪ್ರಕಟಣೆ

1944ರಲ್ಲಿ ನಾನು ಬೆಂಗಳೂರು ದಂಡಿನ ಪ್ರಕಟಣೆ ಕಚೇರಿಯಲ್ಲಿ ಅನೌನ್ಸರ್ ಗುಮಾಸ್ತನಾಗಿದ್ದೆ. ಯುದ್ಧದ ಕಾಲ. ರಸೆಲ್ ಮಾರುಕಟ್ಟೆಯ ಎದುರಿನ ಒಂದು ಮಹಡಿಯ ಕೋಣೆಯಲ್ಲಿ ನಮ್ಮ ಸಂಸಾರ: ಒಂದು ರೇಡಿಯೋ ಸೆಟ್ಟು, ಒಂದು ಆಂಪ್ಲಿಫೈಯರ್, ಒಂದು ಮೈಕು. ಅಲ್ಲಿಂದ ಹೊರಟ ತಂತಿಗಳು ನಾಲ್ಕು ಲೌಡ್‌ಸ್ಪೀಕರುಗಳಿಗೆ ಹೋಗುತ್ತಿದ್ದವು. ಮಾರುಕಟ್ಟೆಯ ಚೌಕದಲ್ಲಿ ಎರಡು, ಹಲಸೂರಿನ ಸಂತೆ ಬೀದಿಯಲ್ಲಿ ಒಂದು, ಒಂದು ಪಾರ್ಕಿನಲ್ಲಿ ಒಂದು.

ಬೆಳಿಗ್ಗೆ ಏಳಕ್ಕೆ ಸರಿಯಾಗಿ ನಾನು ಹದಿನೈದು ನಿಮಿಷ ಊರ ಸುದ್ದಿ ಓದುತ್ತಿದ್ದೆ. ಯಾವ ಬಡಾವಣೆಗೆ ನೀರು ಎಷ್ಟು ಹೊತ್ತು, ಯಾವ ಪಡಿತರದ ಅಂಗಡಿಗೆ ಅಕ್ಕಿ ಬಂದಿದೆ, ಪ್ಲೇಗು ಚುಚ್ಚುಮದ್ದು ಎಲ್ಲಿ ಹಾಕುತ್ತಾರೆ, ಯಾರ ಎಮ್ಮೆ ತಪ್ಪಿಸಿಕೊಂಡಿದೆ, ಇವೇ ಸುದ್ದಿ. ಅದಾದ ಮೇಲೆ ಸೆಟ್ಟನ್ನು ತಿರುಗಿಸಿ ದೇಶದ ಸುದ್ದಿ ಹಾಕುತ್ತಿದ್ದೆವು. ನಿಜ ಹೇಳಬೇಕೆಂದರೆ ಊರ ಸುದ್ದಿ ಆಕಾಶದಿಂದ ಬರುತ್ತಿರಲಿಲ್ಲ, ತಂತಿಯಲ್ಲೇ ಹರಿಯುತ್ತಿತ್ತು. ಆದರೂ ಜನ ಎರಡನ್ನೂ 'ಬೆಳಗಿನ ರೇಡಿಯೋ' ಎಂದೇ ಕರೆಯುತ್ತಿದ್ದರು, ಮತ್ತು ನಾನು ಅವರನ್ನು ತಿದ್ದಲು ಹೋಗಲಿಲ್ಲ. ಇಪ್ಪತ್ತಾರು ವರ್ಷದ ಹುಡುಗಾಟಿಕೆ. ಹೋಟೆಲಿನಲ್ಲಿ ನನ್ನ ದನಿ ಗುರುತಿಸಿ ಯಾರಾದರೂ ತಿರುಗಿ ನೋಡಿದರೆ ಇನ್ನೊಂದು ಕಾಫಿ ಹೇಳಿ ಅಲ್ಲೇ ಕೂರುತ್ತಿದ್ದೆ.

ಕಗ್ಗದಾಸಪುರದ ಆಚೆ ಒಂದು ದೊಡ್ಡ ಬಯಲಿತ್ತು. ವಾರಕ್ಕೊಮ್ಮೆ, ಗುರುವಾರ, ಅಲ್ಲಿ ಸೈನ್ಯದವರು ಫಿರಂಗಿ ಅಭ್ಯಾಸ ನಡೆಸುತ್ತಿದ್ದರು. ಕಡತದಲ್ಲಿ ಅದಕ್ಕೆ 'ಫೀಲ್ಡ್ ಫೈರಿಂಗ್' ಎಂದು ಹೆಸರು. ಉಳಿದ ದಿನ ಅದು ಸುತ್ತಲ ಹಳ್ಳಿಗಳ ಗೋಮಾಳ. ಫೈರಿಂಗಿನ ದಿನ ಯಾರೂ ದನ ಬಿಡಬಾರದು ಎಂದು ಮೊದಲೇ ತಿಳಿಸುವುದು ನಮ್ಮ ಕಚೇರಿಯ ಹೊಣೆ. ಮೊದಲೆಲ್ಲ ಕಗ್ಗದಾಸಪುರದ ಪಿಳ್ಳಪ್ಪ ಎಂಬಾತ ಹಿಂದಿನ ದಿನವೇ ಹಳ್ಳಿಹಳ್ಳಿಗೆ ನಡೆದು, ತಮಟೆ ಬಡಿದು ಡಂಗುರ ಸಾರುತ್ತಿದ್ದ.

ಆ ಡಂಗುರವನ್ನು ನಿಲ್ಲಿಸಿದವನು ನಾನು. ಆ ಹಳ್ಳಿಗಳ ರೈತರು ದಿನಾ ಬೆಳಗಿನ ಜಾವ ತರಕಾರಿ ಗಾಡಿ ಕಟ್ಟಿಕೊಂಡು ರಸೆಲ್ ಮಾರುಕಟ್ಟೆಗೆ ಬರುತ್ತಾರೆ, ನಮ್ಮ ಲೌಡ್‌ಸ್ಪೀಕರಿನ ಕೆಳಗೇ ಕೂರುತ್ತಾರೆ, ಬುಧವಾರ ಬೆಳಿಗ್ಗೆ ಕೇಳಿದ್ದನ್ನು ಮಧ್ಯಾಹ್ನದೊಳಗೆ ಊರಿಗೆಲ್ಲ ಹೇಳುತ್ತಾರೆ, ಆದ್ದರಿಂದ ಡಂಗುರ ಅನಾವಶ್ಯಕ ಎಂದು ನಾನು ಅರ್ಧ ಪುಟದ ಟಿಪ್ಪಣಿ ಬರೆದೆ. ಸೂಪರಿಂಟೆಂಡೆಂಟರು ಅದರ ಅಂಚಿನಲ್ಲಿ 'ಗುಡ್' ಎಂದು ಬರೆದರು. ಪಿಳ್ಳಪ್ಪ ಒಂದು ದಿನ ಮಹಡಿಯ ಮೆಟ್ಟಿಲ ತನಕ ಬಂದು ನಿಂತ.

"ನಿಮ್ ರೇಡಿಯೋ ನಮ್ಮೂರಿಗೂ ಬತ್ತದಾ ಬುದ್ಧಿ?" ಎಂದು ಕೇಳಿದ.

"ಅದ್ಯಾಕಪ್ಪಾ ಬರ್ಬೇಕು? ನಿಮ್ಮೂರೇ ದಿನಾ ಇಲ್ಲಿಗೆ ಬರುತ್ತಲ್ಲ" ಎಂದು ನಾನು ನಕ್ಕೆ. ಅವನು ನಗಲಿಲ್ಲ. ತಲೆ ಆಡಿಸಿ ಇಳಿದು ಹೋದ.

ಒಂಬತ್ತು ತಿಂಗಳು ಎಲ್ಲವೂ ನನ್ನ ಟಿಪ್ಪಣಿಯಲ್ಲಿ ಬರೆದ ಹಾಗೆಯೇ ನಡೆಯಿತು. ಚೌಕದ ಕಂಬದ ಬುಡದಲ್ಲಿ ಸೊಪ್ಪು ಮಾರುತ್ತಿದ್ದ ಮುನಿಯಮ್ಮ ಕಗ್ಗದಾಸಪುರದವಳು. ಬುಧವಾರ ನಾನು ಓದಿ ಮುಗಿಸಿದ ಮೇಲೆ ಕಿಟಕಿಯ ಕಡೆ ತಲೆಯೆತ್ತಿ ಕೈಯೆತ್ತುತ್ತಿದ್ದಳು, ಕೇಳಿಸಿತು ಎಂದು. ಒಮ್ಮೆ ಕೆಳಗಿಳಿದಾಗ ನಾನೇ ಕೇಳಿದೆ, ಊರಲ್ಲಿ ಎಲ್ಲರಿಗೂ ಹೇಳುತ್ತೀಯೇನಮ್ಮ ಎಂದು.

"ಹೇಳ್ದೆ ಇರ್ತೀನಾ ಸ್ವಾಮಿ? ನಮ್ಮೆಜಮಾನ್ರಂತೂ ನಾನು ಗಾಡಿ ಇಳಿಯೋ ಮೊದ್ಲೇ ಕೇಳ್ತಾರೆ, ರೇಡಿಯೋ ಏನಂತು ಅಂತ. ನೀವು ಹೇಳಿದ್ ದಿನ ಬಯಲಿಗೆ ಹೋಗಾಕಿಲ್ಲ. ಹೇಳ್ದೆ ಇದ್ ದಿನ ಧೈರ್ಯವಾಗಿ ಹೋಗ್ತೀವಿ."

ಆ ಮಾತು ಕೇಳಿ ನಾನು ಉಬ್ಬಿಹೋಗಿದ್ದೆ. ಅದರ ಎರಡನೆಯ ಅರ್ಧ ನನ್ನನ್ನು ಹೆದರಿಸಬೇಕಾಗಿತ್ತು.

ಬೇಸಿಗೆಯ ಒಂದು ಸೋಮವಾರ. ಆರೂವರೆಗೆ ಸೈನ್ಯದ ಮೋಟಾರ್ ಸೈಕಲ್ ಸವಾರ ಒಂದು ಲಕೋಟೆ ತಂದುಕೊಟ್ಟ. ಗುರುವಾರದ ಫೈರಿಂಗ್ ರದ್ದಾಗಿದೆ, ಬದಲಿಗೆ ಇದೇ ಸೋಮವಾರ ಬೆಳಿಗ್ಗೆ ಹನ್ನೊಂದರಿಂದ ಮೂರರವರೆಗೆ ನಡೆಯುತ್ತದೆ ಎಂದಿತ್ತು. ಕಾಗದಕ್ಕೆ ಶನಿವಾರದ ತಾರೀಕು. ನಡುವೆ ಭಾನುವಾರದ ರಜ ಬಂದು ಎಲ್ಲೋ ಒಂದು ಮೇಜಿನ ಮೇಲೆ ಮಲಗಿತ್ತು. ನಾಲ್ಕು ಗಂಟೆ ಅವಕಾಶವಿದೆಯಲ್ಲ, ಏಳಕ್ಕೆ ಓದಿದರೆ ಒಂಬತ್ತಕ್ಕೆ ಗಾಡಿಗಳು ಊರು ಮುಟ್ಟುತ್ತವೆ ಎಂದು ಲೆಕ್ಕ ಹಾಕಿದೆ. ಎಲ್ಲಕ್ಕಿಂತ ಮೊದಲು ಅದನ್ನೇ ಓದಿದೆ. ನಿಧಾನವಾಗಿ, ಅಕ್ಷರ ಅಕ್ಷರ ಬಿಡಿಸಿ, ಎರಡು ಸಲ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಓದಿರಲಿಲ್ಲ.

ಓದಿ ಮುಗಿಸಿ ರಿಜಿಸ್ಟರಿನಲ್ಲಿ 'ಬೆಳಿಗ್ಗೆ 7.02, ಎರಡು ಬಾರಿ' ಎಂದು ಬರೆದೆ. ದೇಶದ ಸುದ್ದಿ ಶುರುವಾದ ಮೇಲೆ ಮುನಿಯಮ್ಮನ ಕೈ ನೋಡೋಣವೆಂದು ಕಿಟಕಿಗೆ ಬಂದೆ. ಕಂಬದ ಬುಡ ಖಾಲಿ. ಅದರಾಚೆ ಗಾಡಿಗಳು ನಿಲ್ಲುವ ಜಾಗವೂ ಖಾಲಿ. ಒಂದು ನಾಯಿ ಮಲಗಿತ್ತು. ಸೋಮವಾರ ಮಾರುಕಟ್ಟೆ ಸಪ್ಪಗಿರುವುದನ್ನು ನಾನು ಮೊದಲೂ ಕಂಡಿದ್ದೆ. ಭಾನುವಾರ ಎಲ್ಲರೂ ಕೊಂಡಿರುತ್ತಾರೆ, ಅದಕ್ಕೇ ಇರಬೇಕು ಎಂದುಕೊಂಡು ಸುಮ್ಮನಾಗಿದ್ದೆ.

"ಗಾಡಿಗಳೆಲ್ಲಿ ಗೌಸ್ ಸಾಹೇಬ್ರೇ?" ಎಂದೆ. ಗೌಸ್ ಸಾಹೇಬರು ನಮ್ಮ ಮೆಕ್ಯಾನಿಕ್. ಬಾಣಸವಾಡಿಯಲ್ಲಿ ರೈತರ ಮನೆಗಳ ನಡುವೆ ಅವರ ಮನೆ. ಆಂಪ್ಲಿಫೈಯರಿನ ಹಿಂದಿನಿಂದ ತಲೆ ಹೊರಗೆ ಹಾಕಿದರು.

"ಇವತ್ತು ಸೋಮವಾರ ಅಲ್ವಾ ರಾಯರೇ? ಸೋಮವಾರ ಎತ್ತಿಗೆ ನೊಗ ಇಡಲ್ಲ ಅವ್ರು. ಬಸವಣ್ಣನ ವಾರ. ಎತ್ತು ಮೈ ತೊಳೆದು ಮೇಯಕ್ಕೆ ಬಿಟ್ಬಿಡ್ತಾರೆ."

"ಎಲ್ಲಿ ಬಿಡ್ತಾರೆ?"

ಸಾಹೇಬರೂ ಪ್ರಕಟಣೆ ಕೇಳಿದ್ದರು. ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೆಲ್ಲಗೆ ಮೇಜಿನ ಮೇಲೆ ಇಟ್ಟರು.

ಪೇಟೆಯಲ್ಲಿ ಹುಟ್ಟಿ ಬೆಳೆದವನು ನಾನು. ನಾಡಿನ ಅರ್ಧ ಜನಕ್ಕೆ ಗೊತ್ತಿರುವ ವಾರದ ನೇಮ ನನಗೆ ಗೊತ್ತಿರಲಿಲ್ಲ. ವಾರದಲ್ಲಿ ಯಾವ ಒಂದು ದಿನ ಆ ಹಳ್ಳಿಯ ಒಬ್ಬನೂ ನನ್ನ ದನಿಗೆ ಸಿಕ್ಕುವುದಿಲ್ಲವೋ, ಅದೇ ದಿನ ಅವರ ಎತ್ತುಗಳೆಲ್ಲ ಆ ಬಯಲಿನಲ್ಲಿರುತ್ತವೆ.

ಆಗ ಏಳೂವರೆ. ಸೈಕಲ್ ಕೆಳಗೇ ಇತ್ತು. ಆದರೆ ನಾನು ಹೊರಡಲಿಲ್ಲ. ಅಪ್ಪಣೆಯಿಲ್ಲದೆ ಕಚೇರಿ ಬಿಡುವಂತಿರಲಿಲ್ಲ, ನಮ್ಮ ದಂಡು ಬ್ರಿಟಿಷರ ಆಡಳಿತದ್ದು, ಆ ಹಳ್ಳಿಗಳು ಮೈಸೂರು ಸರ್ಕಾರದ ಸೀಮೆ ಬೇರೆ. ಸೂಪರಿಂಟೆಂಡೆಂಟರು ಬರುವುದು ಒಂಬತ್ತಕ್ಕೆ. ಸೈನ್ಯದ ಶಿಬಿರಕ್ಕೆ ಮೂರು ಸಲ ಟೆಲಿಫೋನ್ ಮಾಡಿದೆ. ಮೂರನೆಯ ಸಲ ಎತ್ತಿದವನು ತುಕಡಿ ಬೆಳಿಗ್ಗೆಯೇ ಹೊರಟುಹೋಗಿದೆ, ಬಯಲಿಗೆ ಟೆಲಿಫೋನ್ ಇಲ್ಲ ಎಂದ. ಹಾಗೆ ಒಂದೂವರೆ ಗಂಟೆ ಕುರ್ಚಿಯ ತುದಿಯಲ್ಲಿ ಕೂತಿದ್ದೆ. ಆ ಒಂದೂವರೆ ಗಂಟೆಯನ್ನು ನನಗೆ ಇವತ್ತಿಗೂ ಕ್ಷಮಿಸಿಕೊಳ್ಳಲಾಗಿಲ್ಲ.

ಸೂಪರಿಂಟೆಂಡೆಂಟರು ಬಂದು, ಟೋಪಿ ತೆಗೆಯುತ್ತಲೇ ನನ್ನ ಮಾತು ಕೇಳಿದರು. ಕೆಟ್ಟ ಮನುಷ್ಯರೇನಲ್ಲ.

"ಓದಿದ್ರಿ ತಾನೇ?"

"ಓದಿದೆ ಸರ್, ಎರಡು ಸಲ."

"ಟೈಮ್ ಬರೆದಿದ್ದೀರಾ? ಹಾಗಾದ್ರೆ ನಮ್ಮ ಕೆಲಸ ಮುಗೀತು. ಅಲ್ಲಿ ಕೆಂಪು ಬಾವುಟ ಏರಿಸ್ತಾರೆ, ನೋಡ್ಕೊಂಡು ಬರ್ತಾರೆ ಜನ."

ಮೆಟ್ಟಿಲು ಇಳಿಯುವಾಗ ಅವರು ನನ್ನ ಹೆಸರು ಹಿಡಿದು ಕೂಗಿದ್ದು ಕೇಳಿಸಿತು. ತಿರುಗಲಿಲ್ಲ.

ಹಲಸೂರು ದಾಟುವವರೆಗೆ ಒಳ್ಳೆಯ ರಸ್ತೆ. ಆಮೇಲೆ ಬರೀ ಗಾಡಿ ಜಾಡು, ಮಣ್ಣಿನಲ್ಲಿ ಸೈಕಲ್ ಹೂತುಹೋಗುತ್ತಿತ್ತು. ಅರ್ಧ ದಾರಿ ತಳ್ಳಿಕೊಂಡೇ ಓಡಿದೆ. ಎದುರಿಗೆ ಒಂದು ಗಾಡಿಯೂ ಸಿಗಲಿಲ್ಲ. ಕಗ್ಗದಾಸಪುರ ಮುಟ್ಟಿದಾಗ ಗಡಿಯಾರದಲ್ಲಿ ಹತ್ತೂ ಇಪ್ಪತ್ತು. ಮುನಿಯಮ್ಮ ಬಾಗಿಲಲ್ಲಿ ಕಾಳು ಕೇರುತ್ತಿದ್ದಳು. ನನ್ನನ್ನು ನೋಡಿ ಮೊದಲು ನಕ್ಕಳು. ಮಹಡಿಯ ಕಿಟಕಿಯ ಮನುಷ್ಯ ತನ್ನ ಅಂಗಳದಲ್ಲಿ ನಿಂತಿದ್ದಾನೆ ಎಂಬುದು ತಲೆಗೆ ಹೋದ ಕೂಡಲೇ ಮೊರ ಕೆಳಗಿಟ್ಟಳು.

"ಇವತ್ತಾ ಸ್ವಾಮಿ?"

"ಇವತ್ತೇ ಕಣಮ್ಮ. ಹನ್ನೊಂದಕ್ಕೆ. ಯಜಮಾನ್ರೆಲ್ಲಿ?"

"ಎತ್ತು ಹೊಡ್ಕೊಂಡು ಹೋದ್ರಲ್ಲ ಸ್ವಾಮಿ... ಮರಡಿಯಿಂದಾಚೆ."

ನಾವಿಬ್ಬರೂ ಕೆರೆ ಏರಿಯ ಮೇಲಕ್ಕೆ ಓಡಿದೆವು. ಕಣ್ಣು ಹೋದಷ್ಟು ದೂರ ಬಯಲು, ಅದರ ನಡುವೆ ಮರಡಿಯ ದಿಬ್ಬ, ಅಲ್ಲಲ್ಲಿ ಚೆಲ್ಲಿದಂತೆ ಎತ್ತುಗಳು, ಜನ. ಕೆಂಪು ಬಾವುಟವೂ ಫಿರಂಗಿಗಳೂ ದೂರದಲ್ಲಿ, ಶಿಬಿರದ ರಸ್ತೆಯ ಕಡೆಗಿದ್ದವು. ಈ ಕಡೆಯಿಂದ ಅವು ಕಾಣುತ್ತಲೇ ಇರಲಿಲ್ಲ. ನಾನು ಕೈ ಬಾಯಿಗಿಟ್ಟು ಕೂಗಿದೆ. ನಾಲ್ಕು ಬೀದಿ ತುಂಬುತ್ತಿದ್ದ ನನ್ನ ದನಿ ಏರಿಯ ಇಳಿಜಾರನ್ನೂ ದಾಟಲಿಲ್ಲ. ಹತ್ತಿರದಲ್ಲಿ ಮೇಯುತ್ತಿದ್ದ ಒಂದು ಕರು ಮಾತ್ರ ತಲೆಯೆತ್ತಿತು.

ಪಿಳ್ಳಪ್ಪನ ಮನೆಗೆ ಹೋದೆ. ಇವತ್ತು ಹನ್ನೊಂದಕ್ಕೆ ಫಿರಂಗಿ ಎಂದೆ. ಅವನು ಗೋಡೆಯ ಮೊಳೆಯಿಂದ ತಮಟೆ ತೆಗೆದು ಬೆರಳಿನಿಂದ ತಟ್ಟಿದ. ಒದ್ದೆ ಬಟ್ಟೆಯ ಶಬ್ದ ಬಂತು.

"ಒಂಬತ್ ತಿಂಗ್ಳಿಂದ ಮುಟ್ಟಿಲ್ಲ ಬುದ್ಧಿ. ಕಾಯಿಸ್ಬೇಕು" ಎಂದ.

ತಮಟೆಯ ಚರ್ಮ ಬಿಗಿಯಾಗಬೇಕಾದರೆ ಬೆಂಕಿಯ ಶಾಖ ತೋರಿಸಬೇಕು. ಅವನು ಹುಲ್ಲು ಒಟ್ಟಿ ಹಚ್ಚಿದ. ತಮಟೆಯನ್ನು ಉರಿಯ ಮುಂದೆ ತಿರುಗಿಸುತ್ತ, ತಟ್ಟಿ ನೋಡುತ್ತ, ಮತ್ತೆ ತಿರುಗಿಸುತ್ತ ಕೂತ. ಅವಸರ ಮಾಡಿದರೆ ಚರ್ಮ ಹರಿದುಹೋಗುತ್ತದೆಂದು ನನಗೂ ತಿಳಿಯುತ್ತಿತ್ತು. ಗಡಿಯಾರ ನೋಡಬಾರದೆಂದು ಅದನ್ನು ಜೇಬಿಗೆ ಹಾಕಿದೆ, ಮತ್ತೆ ತೆಗೆದೆ. ಹತ್ತೂ ಮೂವತ್ತೆಂಟಕ್ಕೆ ಏರಿಯ ಮೇಲಿಂದ ಮೊದಲ ಪೆಟ್ಟು ಬಿತ್ತು.

ಅದು ಬಯಲಿಗೆಲ್ಲ ಕೇಳಿಸಿತು. ಜನ ನಿಂತು ನೋಡಿದರು. ಮುನಿಯಮ್ಮ ಸೆರಗು ಬೀಸುತ್ತ ಇಳಿಜಾರಿನಲ್ಲಿ ಓಡಿದಳು. ಒಬ್ಬೊಬ್ಬರಾಗಿ ಎತ್ತು ತಿರುಗಿಸಿದರು. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಈಚೆಯ ಬಯಲು ಬಹುಪಾಲು ಬರಿದಾಗಿತ್ತು. ಮರಡಿಯ ಆಚೆಯಿಂದ ಒಬ್ಬನೇ ಬಂದ, ಮುನಿಯಮ್ಮನ ಮೈದುನ. ಅವಳನ್ನು ರಟ್ಟೆ ಹಿಡಿದು ಎಳೆದುಕೊಂಡೇ ಏರಿ ಹತ್ತಿದ.

"ಅಣ್ಣನ್ನ ಕರ್ದೆ" ಎಂದ, ಏದುಸಿರು ಬಿಡುತ್ತ. "ಬರ್ಲಿಲ್ಲ. ಫಿರಂಗಿ ಇದ್ದಿದ್ರೆ ರೇಡಿಯೋದೋರು ಹೇಳೋರು, ಇದು ಯಾರೋ ಸತ್ತಿರೋ ತಮಟೆ, ಹೋಗು ನೀನು ಅಂದ."

ಪಿಳ್ಳಪ್ಪ ಬಡಿಯುವುದನ್ನು ನಿಲ್ಲಿಸಲಿಲ್ಲ. ಹನ್ನೊಂದಕ್ಕೆ ಮರಡಿಯ ಆಚೆ ಮಣ್ಣು ಎದ್ದಿತು, ಸದ್ದು ಆಮೇಲೆ ಬಂತು.

ಮೂರು ಗಂಟೆಯವರೆಗೆ ಯಾರೂ ಆ ಕಡೆ ಹೋಗುವಂತಿರಲಿಲ್ಲ. ಮೂರರ ಮೇಲೆ ಮುನಿಯಮ್ಮನ ಗಂಡನನ್ನು ಹೊತ್ತು ತಂದರು. ಒಂದು ಎತ್ತು ತಾನಾಗಿಯೇ ಮನೆಗೆ ಬಂದಿತ್ತು.

ಹದಿನೈದು ದಿನದ ಮೇಲೆ ವಿಚಾರಣೆ ನಡೆಯಿತು. ಪ್ರಕಟಣೆ ಓದಲಾಯಿತೇ ಎಂದು ಕೇಳಿದರು. ಓದಿದೆ ಎಂದೆ. ಸ್ಪಷ್ಟವಾಗಿ? ಹೌದು. ರಿಜಿಸ್ಟರಿನಲ್ಲಿ ನನ್ನದೇ ಅಕ್ಷರವಿತ್ತು. ಮೃತನ ಅಜಾಗರೂಕತೆ ಎಂದು ತೀರ್ಮಾನವಾಗುವುದರಲ್ಲಿತ್ತು. ಆ ಡಂಗುರ ನಿಲ್ಲಿಸುವಂತೆ ಬರೆದವನು ನಾನು, ಅವತ್ತು ಲೌಡ್‌ಸ್ಪೀಕರಿನ ಕೆಳಗೆ ಆ ಹಳ್ಳಿಗಳ ಒಬ್ಬರೂ ಇರಲಿಲ್ಲ, ಇದನ್ನೂ ಬರೆದುಕೊಳ್ಳಿ ಎಂದೆ. ಬರೆದುಕೊಂಡರು. ಅಜಾಗರೂಕತೆ ಎಂಬ ಮಾತು ಬಿಟ್ಟುಹೋಯಿತು, ಡಂಗುರ ಮರಳಿ ಬಂತು, ನನ್ನನ್ನು ಕಡತಗಳ ಕೋಣೆಗೆ ಹಾಕಿದರು. ಎರಡು ವರ್ಷದ ನಂತರ ಮತ್ತೆ ಮೈಕಿನ ಮುಂದೆ ಕೂತೆ, ಆಮೇಲೆ ನಿವೃತ್ತಿಯವರೆಗೂ ಅದೇ ಕೆಲಸ. ಓದುವ ಮೊದಲು ಕಿಟಕಿಯ ಹತ್ತಿರ ಹೋಗಿ ಕೆಳಗೆ ಯಾರ್ಯಾರು ಇಲ್ಲ ಎಂದು ನೋಡುವುದು ಅಭ್ಯಾಸವಾಯಿತು. ಯಾರು ಇದ್ದಾರೆ ಎಂದು ನೋಡುವುದು ಸುಲಭ. ಇಲ್ಲದವರನ್ನು ಕಾಣಲು ಅವರ ಊರು, ವಾರ, ಕೆಲಸ ಎಲ್ಲ ಗೊತ್ತಿರಬೇಕು. ನನ್ನ ಕೈಕೆಳಗೆ ಬಂದವರಿಗೆ ನಾನು ಉಚ್ಚಾರಣೆಗಿಂತ ಮೊದಲು ಅದನ್ನೇ ಕಲಿಸಿದೆ.

ಆದರೆ ನನಗೆ ಅದನ್ನು ಕಲಿಸಿದ್ದು ವಿಚಾರಣೆಯಲ್ಲ. ಒಂದು ತಿಂಗಳ ಮೇಲೆ ಮುನಿಯಮ್ಮ ಮತ್ತೆ ಕಂಬದ ಬುಡದಲ್ಲಿ ಸೊಪ್ಪು ಹರಡಿಕೊಂಡು ಕೂತಿದ್ದಳು. ನಾನು ಹೋಗಿ ಎದುರಿಗೆ ನಿಂತೆ. ಬೈದಿದ್ದರೆ ತಾಳಿಕೊಳ್ಳುತ್ತಿದ್ದೆ. ಅವಳು ಸೊಪ್ಪಿಗೆ ನೀರು ಚಿಮುಕಿಸುತ್ತ, ತಿಳಿದುಕೊಳ್ಳಬೇಕೆಂದೇ ಕೇಳಿದಳು.

"ಅವತ್ತು ನೀವು ಓದಿದ್ರಂತೆ, ನಿಜವಾ ಸ್ವಾಮಿ?"

"ಓದಿದೆನಮ್ಮ. ಎರಡು ಸಲ ಓದಿದೆ."

ಅವಳು ತಲೆಯೆತ್ತಿ ಲೌಡ್‌ಸ್ಪೀಕರನ್ನು ನೋಡಿದಳು. ಆಮೇಲೆ ನನ್ನನ್ನು.

"ಯಾರಿಗೆ?"