ಶಂಕರಮ್ಮ ಗಂಡನ ಹೆಸರು ಹೇಳಿದ್ದು

ಹಿರೇನಲ್ಲೂರಿನ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಶಂಕರಮ್ಮ ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಒಮ್ಮೆಯೂ ಗಂಡನ ಹೆಸರು ಹೇಳಿದವಳಲ್ಲ. ಹೇಳಿದರೆ ಅವನ ಆಯಸ್ಸು ಕಮ್ಮಿಯಾಗುತ್ತದೆ ಎಂದು ತಾಯಿ ಹೆದರಿಸಿದ್ದಳು. ರೇಷನ್ ಅಂಗಡಿಯಲ್ಲಿ ಕೇಳಿದರೂ ಮಗಳು ಧನ್ಯಶ್ರೀಯ ಮುಖ ನೋಡುತ್ತಿದ್ದಳು.

ಆ ಗಂಡ ಸಣ್ಣಬೀರಪ್ಪ ಕಡೂರಿನಿಂದ ಬರುವಾಗ ಬೈಕಿಗೆ ನಾಯಿ ಅಡ್ಡ ಬಂದು ಬಿದ್ದ. ತಲೆಗೆ ಪೆಟ್ಟಾಗಿತ್ತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಆಪರೇಷನ್ ಆಗಿ ಒಂಬತ್ತು ದಿನವಾದರೂ ಕಣ್ಣು ಬಿಡಲಿಲ್ಲ. ಐಸಿಯು ಬಾಗಿಲು ತೆರೆದಾಗೆಲ್ಲ ಹೊರಗಿನ ಬೆಂಚಿನಲ್ಲಿ ಕೂತ ಶಂಕರಮ್ಮ ಗಾಬರಿಯಿಂದ ಎದ್ದು ನಿಲ್ಲುತ್ತಿದ್ದಳು.

ಹತ್ತನೆಯ ದಿನ ನರ್ಸ್ ಪ್ರತಿಮಾ ಅವಳನ್ನೇ ಕರೆದಳು. "ಅಮ್ಮಾ, ಇಲ್ಲಿ ಕೂತು ಹೆದರ್ಕೊಂಡ್ರೆ ಆಗಲ್ಲ. ನಮ್ ದನಿ ಅವ್ರಿಗೆ ಹೊಸ್ದು. ನೀವೇ ಹೆಸ್ರು ಹಿಡ್ದು ಕರೀರಿ."

"ಅಯ್ಯೋ, ಹೆಸ್ರು ಬ್ಯಾಡ ಕಣವ್ವ! ಮೊದ್ಲೇ ಜೀವ ತೂಗಾಡ್ತೈತೆ."

"ಹಂಗಾದ್ರೆ ಕೈ ಹಿಡ್ಕೊಂಡು ಏನಾದ್ರೂ ಮಾತಾಡಿ."

ಎರಡು ದಿನ ಎಮ್ಮೆಯ ವಿಷಯ ಹೇಳಿದಳು, ಶಾಲೆಯ ಸಾರು ಸೀದದ್ದು ಹೇಳಿದಳು. ಅವನು ಅಲುಗಲಿಲ್ಲ. ಮೂರನೆಯ ದಿನ ಬೀರದೇವರಿಗೆ ಮನಸ್ಸಿನಲ್ಲೇ ತಪ್ಪುಕಾಣಿಕೆಯ ಹರಕೆ ಹೊತ್ತು, ಕಣ್ಣು ಮುಚ್ಚಿ ಕೂಗಿದಳು: "ಸಣ್ಣಬೀರಪ್ಪಾ!"

ಏನೂ ಆಗಲಿಲ್ಲ. ಹೊರಗೆ ಬಂದು ಬೆಂಚಿನಲ್ಲಿದ್ದ ಮಗಳ ಕೈ ಹಿಡಿದಳು. "ಹೇಳ್ಬಿಟ್ಟೆ ಕಣೇ. ಏನಾರ ಆದ್ರೆ ನಾನೇ ಕೊಂದಂಗಾಯ್ತು." ಮಾರನೆಯ ಬೆಳಗಿನವರೆಗೂ ಗುಟುಕು ನೀರೂ ಕುಡಿಯಲಿಲ್ಲ.

ಬೆಳಿಗ್ಗೆ ಪ್ರತಿಮಾ ಮತ್ತೆ ಕರೆಸಿದಳು. ಹೆಸರು ಎರಡನೇ ಸಲ ಬಾಯಿಂದ ಬರುತ್ತಲೇ ಗಂಡನ ಎಡಗೈ ಬೆರಳುಗಳು ಅವಳ ಹೆಬ್ಬೆರಳನ್ನು ಹಿಡಿದುಕೊಂಡವು. ಬಿಡಲೇ ಇಲ್ಲ. ಪ್ರತಿಮಾ ಡಾಕ್ಟರನ್ನು ಕರೆಯಲು ಓಡಿದಳು.

ಆಮೇಲೆ ತಿಂಗಳೊಪ್ಪತ್ತು ಪ್ರತಿಮಾ ತಾಯಿ ಮಗಳಿಬ್ಬರಿಗೂ ಒಂದೊಂದೇ ಕಲಿಸಿದಳು: ಮೂಗಿನ ನಳಿಗೆಯಲ್ಲಿ ಗಂಜಿ ಬಿಡುವುದು, ಮಗ್ಗುಲು ಬದಲಿಸುವುದು. "ಮುಂದೆ ಫಿಟ್ಸ್ ಬಂದ್ರೂ ಬರಬಹುದು. ಕೈಗೆ ಬೀಗದ್ ಕೈ ತುರುಕ್ಬೇಡಿ. ಒಂದ್ ಮಗ್ಗುಲಿಗೆ ಮಲಗ್ಸಿ, ತಕ್ಷಣ ಫೋನ್ ಮಾಡಿ."

ಈಗ ಸಣ್ಣಬೀರಪ್ಪ ಮನೆಯಲ್ಲಿದ್ದಾನೆ. ನಡೆಯುತ್ತಾನೆ, ತಡವರಿಸುತ್ತ ಮಾತಾಡುತ್ತಾನೆ, ಮೊದಲಿಲ್ಲದ ಸಿಟ್ಟು ಬಂದಿದೆ. ಪ್ರತಿ ಶನಿವಾರ ಪ್ರತಿಮಾ ಫೋನ್ ಮಾಡಿ ಅವನ ಸಮಾಚಾರ ಕೇಳುತ್ತಾಳೆ. ಆಮೇಲೆ, "ನಿಮ್ಗೆ ನಿದ್ದೆ ಬತ್ತಿದ್ಯಾ ಅಮ್ಮಾ?" ಎನ್ನುತ್ತಾಳೆ.

"ಎಲ್ಲಿ ಬತ್ತೈತೆ? ಅವ್ರು ಉಸಿರಾಡೋದು ಎಣಿಸ್ಕೊಂಡ್ ಕೂತಿರ್ತೀನಿ."

ಅವನು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡರೆ, ಒಳಗೆ ಫಿಟ್ಸ್ ಬಂದರೆ ಎಂದು ಅವಳು ಬಾಗಿಲಿಗೆ ಕಿವಿಗೊಟ್ಟು ನಿಲ್ಲುತ್ತಿದ್ದಳು. ಹೋದ ವಾರ ಬಡಗಿಯನ್ನು ಕರೆಸಿ ಒಳಚಿಲಕ ಕೀಳಿಸಿದಳು. ಗಂಡ ಬಚ್ಚಲೊಳಗಿಂದ ರೇಗಿದ: "ಯಾವನ್ಲೇ ಚಿಲ್ಕ ಕಿತ್ತೋನು?"

"ತುಕ್ಕು ಹಿಡಿದಿತ್ತು, ಬಿದ್ದೋಯ್ತು," ಎಂದು ಶಂಕರಮ್ಮ ಬಾಗಿಲಾಚೆಯಿಂದಲೇ ಹೇಳಿದಳು.