ಕಿರುನಗೆ ಗೆದ್ದ ಶನಿವಾರ

ಬೀದಿಯವರು ಅವರನ್ನು ಪಂಡಿತರು ಎಂದು ಕರೆಯುತ್ತಿದ್ದರು. ಶಾಸ್ತ್ರ ಓದಿದ ಪಂಡಿತರಲ್ಲ, ಮದ್ದು ಅರೆಯುವ ಪಂಡಿತರೂ ಅಲ್ಲ. ಕುದುರೆ ಪಂಡಿತರು. ಪ್ರತಿ ಶನಿವಾರ ಬೆಳಿಗ್ಗೆ ಪತ್ರಿಕೆಯ ಕೊನೆಯ ಪುಟದಲ್ಲಿ, ಹವಾಮಾನಕ್ಕೂ ಕಳೆದುಹೋದವರ ಪ್ರಕಟಣೆಗೂ ನಡುವೆ, ‘ಇಂದು ಗೆಲ್ಲುವ ಕುದುರೆಗಳು’ ಎಂಬ ಅಂಕಣವನ್ನು ಅವರು ಇಪ್ಪತ್ತೆರಡು ವರ್ಷಗಳಿಂದ ಬರೆಯುತ್ತಿದ್ದರು.

ಅದಕ್ಕೂ ಮೊದಲು ಅದೇ ಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದರು. ಆಗ ಅಂಕಣ ಬರೆಯುತ್ತಿದ್ದವನು ತನ್ನ ಸಲಹೆಯನ್ನು ತಾನೇ ನಂಬಿ ಹಾಳಾದ ಮನುಷ್ಯ. ಒಂದು ಶುಕ್ರವಾರ ಹೇಳದೆ ಕೇಳದೆ ಊರು ಬಿಟ್ಟ. ಪುಟ ಖಾಲಿ ಬಿದ್ದಿತ್ತು. ಸಂಪಾದಕರು ಸುತ್ತ ಕಣ್ಣಾಡಿಸಿ, “ವಾರ ವಾರ ಇದರ ತಪ್ಪು ತಿದ್ದೋರು ನೀವೇ ತಾನೇ? ಇವತ್ತು ನೀವೇ ಬರೀರಿ” ಎಂದರು. ತಪ್ಪು ತಿದ್ದುವುದಕ್ಕೂ ತಪ್ಪು ಮಾಡುವುದಕ್ಕೂ ನಡುವೆ ಎಷ್ಟು ದೂರವಿದೆಯೋ ಅಷ್ಟನ್ನು ಪಂಡಿತರು ಅಂದು ಸಂಜೆಯೊಳಗೆ ದಾಟಿಬಿಟ್ಟರು.

ಅವರ ವಿದ್ಯೆಯ ಬಗ್ಗೆ ಯಾರೂ ಎರಡು ಮಾತು ಆಡುವಂತಿರಲಿಲ್ಲ. ಒಳಕೋಣೆಯ ಕಪಾಟಿನಲ್ಲಿ ನಲವತ್ತೊಂದು ಉದ್ದನೆಯ ನೋಟ್‌ಬುಕ್ಕುಗಳಿದ್ದವು. ಒಂದೊಂದು ಕುದುರೆಗೆ ಎರಡೆರಡು ಪುಟ: ಓಡಿದ ದೂರ, ಹೊತ್ತ ತೂಕ, ನಿಂತ ಗೇಟು, ನೆಲ ಗಟ್ಟಿಯಿತ್ತೋ ಮೆತ್ತಗಿತ್ತೋ, ಕೊನೆಯ ಫರ್ಲಾಂಗಿನಲ್ಲಿ ಏನು ಮಾಡಿತು, ಎಲ್ಲ. ಯಾವ ಕುದುರೆಯ ಅಜ್ಜಿ ಎಂಥ ನೆಲದಲ್ಲಿ ಚೆನ್ನಾಗಿ ಓಡುತ್ತಿದ್ದಳು ಎಂದು ಅವರು ನಿದ್ದೆಗಣ್ಣಿನಲ್ಲೂ ಹೇಳಬಲ್ಲವರಾಗಿದ್ದರು. ತಮ್ಮ ಸ್ವಂತ ಅಜ್ಜಿಯ ಹೆಸರು ಕೇಳಿದರೆ ಮಾತ್ರ ಸ್ವಲ್ಪ ಯೋಚಿಸಬೇಕಾಗುತ್ತಿತ್ತು.

ಬರವಣಿಗೆಗೆ ಒಂದು ಗತ್ತಿತ್ತು. ‘ಸಿಡಿಲಮರಿ: ಕಳೆದ ಸಲ ಮೂರನೆಯ ಸ್ಥಾನ, ಆದರೆ ಉಸಿರು ಉಳಿಸಿಕೊಂಡೇ ಮುಗಿಸಿದೆ. ಈ ಸಲ ಎರಡು ಕಿಲೋ ಭಾರ ಕಡಿಮೆ. ನಿಲ್ಲಿಸುವವರಿಲ್ಲ.’ ನಿಲ್ಲಿಸುವವರಿಲ್ಲ ಎಂದು ಅವರು ಬರೆದ ಕುದುರೆ ತಾನಾಗಿಯೇ ನಿಂತದ್ದು ಎಷ್ಟೋ ಸಲ. ಆಗ ಭಾನುವಾರ ಬೆಳಿಗ್ಗೆ ಕ್ಷೌರದಂಗಡಿಯಲ್ಲಿ ವಿವರಣೆ ಕೊಡುತ್ತಿದ್ದರು: ಕುದುರೆ ಸೋಲಲಿಲ್ಲ, ದೂರ ಅದಕ್ಕೆ ಸಾಲಲಿಲ್ಲ. ಇನ್ನೊಂದು ಇನ್ನೂರು ಗಜ ಇದ್ದಿದ್ದರೆ ಗೆಲ್ಲುತ್ತಿತ್ತು. ಕತ್ತಿ ಹಿಡಿದ ಕ್ಷೌರಿಕ ಹೂಂಗುಟ್ಟುತ್ತಿದ್ದ. ಕತ್ತಿಯ ಕೆಳಗಿದ್ದವರು ತಲೆಯಾಡಿಸುವಂತಿರಲಿಲ್ಲ. ಹೀಗಾಗಿ ಪಂಡಿತರ ವಿವರಣೆಗೆ ಎದುರಾಡಿದವರೇ ಇಲ್ಲ.

ಸ್ವತಃ ಒಂದು ಕಾಸೂ ಅವರು ಕುದುರೆಯ ಮೇಲೆ ಕಟ್ಟಿದವರಲ್ಲ, ಓಟ ನೋಡಲು ಹೋಗುವುದನ್ನೂ ಎಂದೋ ಬಿಟ್ಟು, ಓಟದ ವರದಿಗಳಿಂದಲೇ ನೋಟ್‌ಬುಕ್ಕು ತುಂಬಿಸುತ್ತಿದ್ದರು. ಕಣ್ಣಿಗೆ ಕಂಡದ್ದು ಲೆಕ್ಕಾಚಾರವನ್ನು ಕೆಡಿಸುತ್ತದೆ ಎಂಬುದು ಅವರ ಸಿದ್ಧಾಂತ.

ಈ ಸಿದ್ಧಾಂತದ ಚಂದ ನೋಡಬೇಕಾದರೆ ಅವರ ಮನೆಗೇ ಹೋಗಬೇಕಿತ್ತು. ಪಂಡಿತರ ಹೆಂಡತಿ ಜಾಕಿಗಳಿಗೆ ಓಟದ ಅಂಗಿ ಹೊಲಿಯುವವಳು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ನೆಲದ ತುಂಬ ಹಳದಿ, ಹಸಿರು, ನೇರಳೆ ರೇಷ್ಮೆಯ ತುಂಡುಗಳು. ಊರಿನ ಅರ್ಧ ಜಾಕಿಗಳು ಅಳತೆ ಕೊಡಲು ಆಕೆಯ ಮುಂದೆ ಕೈ ಚಾಚಿ ನಿಲ್ಲುತ್ತಿದ್ದರು. ಒಂದು ಪರದೆಯ ಆಚೆ, ಒಳಕೋಣೆಯಲ್ಲಿ, ಪಂಡಿತರು ಅದೇ ಜಾಕಿಗಳ ಕೈಚಳಕವನ್ನು ನೋಟ್‌ಬುಕ್ಕಿನಿಂದ ಅಳೆಯುತ್ತ ಕೂತಿರುತ್ತಿದ್ದರು. ಒಮ್ಮೆಯೂ ಪರದೆ ಸರಿಸಿ ಹೊರಗೆ ಬಂದವರಲ್ಲ.

ಅವರ ಅತಿ ದೊಡ್ಡ ಭಕ್ತ ಎಂದರೆ ಅವರ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ. ಒಂದು ಗೋದಾಮಿನ ಕಾವಲು ಕೆಲಸದಿಂದ ನಿವೃತ್ತನಾದವನು. ವಯಸ್ಸಿನಲ್ಲಿ ಹಿರಿಯನಾದರೂ ಪಂಡಿತರನ್ನು “ಗುರುಗಳೇ” ಎನ್ನುತ್ತಿದ್ದ, ಶನಿವಾರ ಬಿಡದೆ ಪತ್ರಿಕೆ ಕೊಳ್ಳುತ್ತಿದ್ದ, ಗೆಲ್ಲುತ್ತಲೂ ಇದ್ದ. ನಾಲ್ಕೈದು ವರ್ಷಗಳಲ್ಲಿ ಮನೆಯ ಮೇಲೆ ಇನ್ನೊಂದು ಅಂತಸ್ತು ಎದ್ದಿತು. ಪಂಡಿತರ ಸ್ವಂತ ಮನೆ ಸೋರುತ್ತಿತ್ತು, ಆದರೂ ಆ ಅಂತಸ್ತನ್ನು ರಸ್ತೆಯಿಂದ ನೋಡುವಾಗಲೆಲ್ಲ ಅವರ ಎದೆ ಉಬ್ಬುತ್ತಿತ್ತು. “ಅದು ನನ್ನ ಅಂಕಣದ ಮೇಲೆ ನಿಂತಿರೋ ಮನೆ” ಎಂದು ಕ್ಷೌರದಂಗಡಿಯಲ್ಲಿ ಹೇಳಿದ್ದೂ ಉಂಟು. ಮಾತೇನೋ ನಿಜವೇ ಆಗಿತ್ತು.

ಮೇಲಿನ ಅಂತಸ್ತು ಮುಗಿದ ಮೇಲೆ ಒಂದು ಭಾನುವಾರ ಷಡ್ಡಕ ಇಬ್ಬರನ್ನೂ ಊಟಕ್ಕೆ ಕರೆದ. ಊಟವಾಗಿ ಕೈ ತೊಳೆದ ಪಂಡಿತರು ಒರೆಸಿಕೊಳ್ಳಲು ಬಟ್ಟೆ ಹುಡುಕಿದರು. “ಆ ಗೋಡೆ ಬೀರುವಿನಲ್ಲಿದೆ ತಗೊಳ್ಳಿ” ಎಂದಳು ಅತ್ತಿಗೆ. ಬೀರುವಿನ ಬಾಗಿಲು ತೆರೆದರು. ಹಲಗೆಗಳಿಗೆ ಹಾಸಿದ್ದು ಹಳೆಯ ಪತ್ರಿಕೆ, ಅದೂ ಅವರದೇ ಪುಟ. ಮೊದಲು ಸಂತೋಷವಾಯಿತು. ಆಮೇಲೆ ಬಗ್ಗಿ ನೋಡಿದರು. ಅವರು ಬರೆದ ಕುದುರೆಗಳ ಹೆಸರಿನ ಮೇಲೆ ಒಂದೂ ಬಿಡದಂತೆ ಕೆಂಪು ಪೆನ್ಸಿಲಿನಲ್ಲಿ ಗೀಟು ಎಳೆದಿತ್ತು. ಎರಡನೆಯ ಹಲಗೆಯಲ್ಲೂ ಹಾಗೇ. ಮೂರನೆಯದರಲ್ಲೂ.

“ಭಾವ, ಇದೇನಿದು?”

ಷಡ್ಡಕ ಕೆಟ್ಟವನಲ್ಲ. ಕೇಳಿದ್ದಕ್ಕೆ ಸುಳ್ಳು ಹೇಳುವ ಅಭ್ಯಾಸ ಅವನಿಗಿರಲಿಲ್ಲ, ಅಷ್ಟೇ.

“ಬೇಜಾರು ಮಾಡ್ಕೋಬೇಡಿ ಗುರುಗಳೇ. ಒಂದು ಓಟದಲ್ಲಿ ಹತ್ತು ಕುದುರೆ ಓಡತ್ವೆ. ನಂಗೆ ಏನ್ ಗೊತ್ತಾಗತ್ತೆ? ನೀವು ಕೂತು ತಲೆ ಕೆಡಿಸ್ಕೊಂಡು ಮೂರು ಹೆಸರು ಕೊಡ್ತೀರಿ. ಅವನ್ನ ಹೊಡೆದು ಹಾಕಿದ್ರೆ ಉಳಿಯೋದು ಏಳು. ಏಳರಲ್ಲಿ ಹುಡುಕೋದು ಎಷ್ಟೋ ಸಲೀಸು.”

“ಅಂದ್ರೆ ಇಷ್ಟು ವರ್ಷವೂ...”

“ನಾನೊಬ್ಬನೇ ಅಲ್ಲ, ನಮ್ಮ ಕಡೆಯೋರೆಲ್ಲ ಹಾಗೇ ಮಾಡೋದು. ನಿಮ್ಮಷ್ಟು ನಂಬಿಕೆಗೆ ಯೋಗ್ಯರು ಇನ್ನೊಬ್ಬರಿಲ್ಲ.”

ಪಂಡಿತರು ಒದ್ದೆ ಕೈಯಲ್ಲೇ ಮನೆಗೆ ಬಂದರು.

ನಾಲ್ಕು ದಿನ ಕ್ಷೌರದಂಗಡಿಯ ಕಡೆ ಹೋಗಲಿಲ್ಲ, ಗಡ್ಡ ಬೆಳೆಯಿತು. ಐದನೆಯ ದಿನ ನಲವತ್ತೊಂದೂ ನೋಟ್‌ಬುಕ್ಕುಗಳನ್ನು ನೆಲಕ್ಕೆ ಹರಡಿ, ಹಲ್ಲು ಕಚ್ಚಿ ಕೂತರು. ಆ ಶನಿವಾರದ ಐದನೆಯ ಓಟದಲ್ಲಿ ‘ಕಿರುನಗೆ’ ಎಂಬ ಕಂದು ಹೆಣ್ಣು ಕುದುರೆಯಿತ್ತು. ನಾಲ್ಕು ಸಲ ಓಡಿ ಒಮ್ಮೆಯೂ ಗೆದ್ದಿರಲಿಲ್ಲ, ಆದರೆ ಓಟದ ಸಮಯ ಪ್ರತಿ ಸಲವೂ ಗೆದ್ದ ಕುದುರೆಯ ಸಮಯಕ್ಕೆ ಹತ್ತಿರವೇ ಇತ್ತು. ಮೂರು ಸಲ ಕೂಡಿಸಿ ಮೂರು ಸಲ ಕಳೆದು ನೋಡಿದರು. ದಿನದ ಖಚಿತ ಕುದುರೆ ಇದೇ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು. ಈ ಒಂದು ಸಲ, ಇದೊಂದೇ ಸಲ, ಆ ಕೆಂಪು ಪೆನ್ಸಿಲಿನ ಮುಖಕ್ಕೆ ಮಸಿ ಬಳಿಯಬೇಕಿತ್ತು.

ಶುಕ್ರವಾರ ಮಧ್ಯಾಹ್ನ ಹೊರಡುವಾಗ ಹೆಂಡತಿ ಯಂತ್ರ ನಿಲ್ಲಿಸಿದಳು.

“ರೀ, ಕಿರುನಗೆ ಅಂತ ಬರ್ದಿದೀರಾ?”

“ನಿಂಗ್ಯಾಕೆ ಅದು?”

“ಅದನ್ನ ಓಡಿಸೋನು ಗುಬ್ಬಿ. ನಿನ್ನೆ ಅಂಗಿ ನೋಡೋಕೆ ಬಂದಿದ್ದ. ಬಲಗೈ ಎದೆಗಿಂತ ಮೇಲೆ ಏಳ್ತಿಲ್ಲ. ಭುಜಕ್ಕೆ ಏಟು ಬಿದ್ದಿದೆ. ಕಂಕುಳಲ್ಲಿ ಸಡಿಲ ಮಾಡಿಕೊಡಿ ಅಕ್ಕಾ, ಯಾರಿಗೂ ಹೇಳ್ಬೇಡಿ ಅಂದ.” ಅವಳು ಕತ್ತರಿಯನ್ನು ಸುಮ್ಮನೆ ಆಚೀಚೆ ಸರಿಸಿದಳು. “ಗಿರಾಕಿ ಮಾತು ಹೊರಗೆ ಹಾಕಬಾರದು. ಆದ್ರೆ ನಿಮ್ಮ ಮುಖ ನೋಡೋಕಾಗ್ತಿಲ್ಲ.”

ಇಪ್ಪತ್ತೆರಡು ವರ್ಷಗಳಲ್ಲಿ ಆಕೆ ಕುದುರೆಯ ಬಗ್ಗೆ ಆಡಿದ ಮೊದಲ ಮಾತು ಅದು. ಕೈ ಏಳದ ಜಾಕಿ ಚಾವಟಿ ಹೇಗೆ ಬೀಸುತ್ತಾನೆ? ಚಾವಟಿಯಿಲ್ಲದೆ ಕೊನೆಯ ಫರ್ಲಾಂಗು ಹೇಗೆ ದಾಟುತ್ತಾನೆ? ಪಂಡಿತರು ದಾರಿಯುದ್ದಕ್ಕೂ ಲೆಕ್ಕ ಹಾಕಿದರು. ಕಚೇರಿ ಸೇರಿದೊಡನೆ ಹೊಸ ಹಾಳೆ ತೆಗೆದು, ಕಿರುನಗೆಯ ಬದಲು ಅದೇ ಓಟದ ‘ಸಿಡಿಲಮರಿ’ಯ ಹೆಸರು ಬರೆದುಕೊಟ್ಟರು. ನಿಲ್ಲಿಸುವವರಿಲ್ಲ ಎಂದೂ ಸೇರಿಸಿದರು.

ಶನಿವಾರ ಮನೆಯಲ್ಲಿ ಕೂರಲಾಗಲಿಲ್ಲ. ಎಷ್ಟೋ ವರ್ಷಗಳ ನಂತರ ರೇಸ್ ಕೋರ್ಸಿನ ಬೇಲಿಗೆ ಆತು ನಿಂತರು. ಐದನೆಯ ಓಟ ಹೊರಟಿತು. ಸಿಡಿಲಮರಿ ಮೊದಲ ತಿರುವಿನ ತನಕ ನಿಜಕ್ಕೂ ಸಿಡಿಲಿನಂತೆಯೇ ಇತ್ತು, ಆಮೇಲೆ ಮರಿಯಾಯಿತು. ಕೊನೆಯ ನೇರ ದಾರಿಯಲ್ಲಿ ಜಾಕಿಗಳೆಲ್ಲ ಚಾವಟಿ ಎತ್ತಿದರು. ಗುಬ್ಬಿಯೊಬ್ಬನೇ ಎತ್ತಲಿಲ್ಲ. ಕುದುರೆಯ ಕುತ್ತಿಗೆಗೆ ಅಂಟಿಕೊಂಡು, ಎಡಗೈಯಲ್ಲಿ ಲಗಾಮು ಹಿಡಿದು ಸುಮ್ಮನೆ ಕೂತಿದ್ದ. ಹೆಂಡತಿ ಹೊಲಿದ ನೇರಳೆ ಅಂಗಿ ಒಬ್ಬೊಬ್ಬರನ್ನೇ ದಾಟುತ್ತ ಬಂದು ಪಂಡಿತರ ಮುಂದೆಯೇ ಎರಡು ಕುದುರೆಯುದ್ದದಿಂದ ಗೆದ್ದಿತು.

ಜನರ ನಡುವಿನಿಂದ ಷಡ್ಡಕ ಓಡಿಬಂದು ಅವರನ್ನು ತಬ್ಬಿಕೊಂಡ. “ಗುರುಗಳೇ, ಎಲ್ಲ ನಿಮ್ಮ ಪುಣ್ಯ. ಸಿಡಿಲಮರಿ ಹೊಡೆದು ಹಾಕಿದೆ, ಕಿರುನಗೆ ಕಣ್ಣಿಗೆ ಬಿತ್ತು.”

ತಾವು ಮೊದಲು ಬರೆದದ್ದು ಅದನ್ನೇ ಎಂದು ಹೇಳಲು ಪಂಡಿತರು ಬಾಯಿ ತೆರೆದರು. ಹೇಳಿದರೆ ಯಾರು ನಂಬುತ್ತಾರೆ? ಸೋತ ಮೇಲೆ ಹಾಗೆ ಹೇಳದವರು ಆ ಬೇಲಿಯ ಉದ್ದಕ್ಕೂ ಒಬ್ಬರೂ ಇರಲಿಲ್ಲ. ಬಾಯಿ ಮುಚ್ಚಿಕೊಂಡು ಮನೆಗೆ ನಡೆದರು.

ಹೆಂಡತಿ ಎಲ್ಲ ಕೇಳಿ ತಲೆ ತಗ್ಗಿಸಿದಳು. “ಹೇಳ್ಬೇಡ ಅಂದಿದ್ದನ್ನ ಹೇಳಿದೆ. ಅದಕ್ಕೇ ಹೀಗಾಯ್ತು.”

“ಇಲ್ಲ ಕಣೆ” ಎಂದರು ಪಂಡಿತರು. ಅವರಿಗೇ ಆಶ್ಚರ್ಯವಾಗುವಂತೆ ಸಿಟ್ಟು ಬಂದಿರಲಿಲ್ಲ. ಲೆಕ್ಕ ಸರಿಯಿತ್ತು. ಒಂದು ಸಲವಾದರೂ ಸರಿಯಿತ್ತು. ಅದು ಈ ಭೂಮಿಯ ಮೇಲೆ ಇಬ್ಬರಿಗೆ ಗೊತ್ತಿತ್ತು, ಇಬ್ಬರೂ ಒಂದೇ ಕೋಣೆಯಲ್ಲಿದ್ದರು. ಅಂದು ಹಸಿವೆಯಾಗಿ ಊಟ ಮಾಡಿದರು.

ಊಟವಾದ ಮೇಲೆ ಕಿರುನಗೆಯ ಪುಟಗಳನ್ನು ಇನ್ನೊಮ್ಮೆ ತೆರೆದರು. ನಾಲ್ಕು ಓಟಗಳ ಎದುರೂ ತಮ್ಮದೇ ಅಕ್ಷರದಲ್ಲಿ ಒಂದೇ ಸಾಲು: ‘ಕೊನೆಯ ನೇರದಲ್ಲಿ ಚಾವಟಿ ಬಿದ್ದೊಡನೆ ಒಳಬೇಲಿಯ ಕಡೆ ಸರಿದು ತುಸು ಹಿಂದೆ ಬಿತ್ತು.’ ನಾಲ್ಕು ಸಲ ಬರೆದಿದ್ದರು, ಒಂದು ಸಲವೂ ಓದಿರಲಿಲ್ಲ.

ಸೋಮವಾರ ಗುಬ್ಬಿ ಬಂದ. ಅಂಗಿಯ ತೋಳಿಗೆ ಇನ್ನಷ್ಟು ಸಡಿಲ ಬೇಕಿತ್ತು. ಅವನು ಕೈ ಚಾಚುವಷ್ಟರಲ್ಲಿ ಪರದೆ ಸರಿಯಿತು. ಐದಡಿ ಮುಟ್ಟದ ಆ ಮನುಷ್ಯನ ಮುಂದೆ ಪಂಡಿತರು ನೋಟ್‌ಬುಕ್ಕು ಹಿಡಿದು ನಿಂತರು.

“ಆ ಕುದುರೆಗೆ ಚಾವಟಿ ಆಗಲ್ಲ, ಅಲ್ವೇನಪ್ಪಾ?”

ಗುಬ್ಬಿ ಪುಟದ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದ. “ಎರಡು ವರ್ಷದಿಂದ ನಾನೂ ಅದನ್ನೇ ಹೇಳ್ತಿದೀನಿ ಸಾರ್. ಹೊಡೆದ್ರೆ ಅವಳಿಗೆ ಬೇಜಾರು. ಮಾಲೀಕರು ಕೇಳಲ್ಲ, ಹೊಡಿ ಹೊಡಿ ಅಂತಾರೆ. ಮೊನ್ನೆ ಭುಜ ಎದ್ದಿದ್ರೆ ನಾನೂ ಹೊಡೀತಿದ್ದೆ, ಅವಳೂ ಸೋಲ್ತಿದ್ಲು.” ಆಮೇಲೆ ನೋಟ್‌ಬುಕ್ಕಿನ ಕಡೆ ನೋಡುತ್ತಲೇ ಕೇಳಿದ: “ಇದೆಲ್ಲ ಬರ್ದಿಟ್ಕೊಂಡು ನೀವು ಒಳಗೆ ಯಾಕೆ ಕೂತಿದ್ರಿ?”

ಪಂಡಿತರು ನೋಟ್‌ಬುಕ್ಕು ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡರು.

ಅವನು ಹೋದ ಮೇಲೆ ಪಂಡಿತರು ಹೆಂಡತಿಯ ಬಳಿ ಸುಳಿದಾಡಿದರು. ಉಳಿದ ಜಾಕಿಗಳದ್ದು ಹೇಗೆ, ಯಾರ ಸೊಂಟ ಎಷ್ಟಾಗಿದೆ ಎಂದು ಮೆಲ್ಲಗೆ ವಿಚಾರಿಸಿದರು. ಆಕೆ ಯಂತ್ರದಿಂದ ತಲೆ ಎತ್ತಲಿಲ್ಲ. “ನಾನು ಇನ್ನು ಒಂದು ಮಾತೂ ಹೇಳಲ್ಲ. ಕಣ್ಣಿದೆಯಲ್ಲ, ಈಚೆ ಬಂದು ಕೂತು ನೀವೇ ನೋಡಿ.”

ಅಂದಿನಿಂದ ಪಂಡಿತರ ಕುರ್ಚಿ ಮುಂದಿನ ಕೋಣೆಗೆ ಬಂತು. ಜಾಕಿಗಳು ಕೈ ಚಾಚಿ ನಿಂತು ಕುದುರೆಗಳ ಹಟ, ಭಯ, ಹೊಟ್ಟೆನೋವು ಎಲ್ಲ ಹೇಳುತ್ತಿದ್ದರು. ಪಂಡಿತರು ಕೇಳಿ ಬರೆಯುತ್ತಿದ್ದರು. ಫಲವೂ ಸಿಕ್ಕಿತು. ಮೂರು ಓಟದಲ್ಲಿ ಒಂದು ಗೆಲ್ಲುತ್ತಿತ್ತು, ಎರಡು ಸೋಲುತ್ತಿದ್ದವು. ಯಾವುದು ಗೆಲ್ಲುತ್ತದೆ ಎಂದು ಅವರಿಗೂ ಗೊತ್ತಿರಲಿಲ್ಲ. ‘ನಿಲ್ಲಿಸುವವರಿಲ್ಲ’ ಎಂಬುದು ಹೋಗಿ ‘ಓಡಬಹುದು, ಹೇಳಲಾಗದು’ ಎಂಬುದು ಬಂತು.

ಸಂಪಾದಕರ ಮೇಜಿನ ಮೇಲೆ ಓದುಗರ ಪತ್ರಗಳು ಬಿದ್ದವು. ಅಂಕಣದ ವಿಶ್ವಾಸಾರ್ಹತೆ ಕುಸಿದಿದೆ, ಇಪ್ಪತ್ತೆರಡು ವರ್ಷ ಒಂದೇ ಮಟ್ಟ ಕಾಯ್ದುಕೊಂಡವರು ಈಗ ಹೀಗೇಕೆ ಎಂದು ಎಲ್ಲರದೂ ಒಂದೇ ಗೋಳು. ಸಂಪಾದಕರು ಪಂಡಿತರನ್ನು ಕರೆದು, ಆರೋಗ್ಯ ಹೇಗಿದೆ ಎಂದು ಕೇಳಿದರು.

ಕೊನೆಗೊಂದು ಗುರುವಾರ ಸಂಜೆ ಷಡ್ಡಕನೇ ಬಂದ. ಸತತ ಐದು ವಾರ ಸೋತಿದ್ದ. ರೇಷ್ಮೆಯ ತುಂಡುಗಳ ನಡುವೆ ಸ್ಟೂಲ್ ಎಳೆದುಕೊಂಡು ಕೂತು, ನಾಚಿಕೆ ಬಿಟ್ಟು ಕೇಳಿದ.

“ಗುರುಗಳೇ, ನಿಮ್ಮನ್ನ ನಂಬೋಕೇ ಆಗ್ತಿಲ್ಲ. ಹೊಡೆದು ಹಾಕಿದ್ರೆ ಅದೇ ಗೆಲ್ಲತ್ತೆ, ಬಿಟ್ರೆ ಸೋಲತ್ತೆ. ಮೊದಲಿನ ಹಾಗೆ ಒಳಗೆ ಕೂತು, ಚೆನ್ನಾಗಿ ಓದಿ, ಲೆಕ್ಕ ಹಾಕಿ ಬರೀಬಾರದಾ?”

“ಆಗಲ್ಲ ಭಾವ. ಒಳಗೆ ಬೆಳಕು ಕಮ್ಮಿ.”

ಪಂಡಿತರ ಹೆಂಡತಿ ಯಂತ್ರದ ಚಕ್ರ ಹಿಡಿದು ನಿಲ್ಲಿಸಿದಳು. “ಭಾವ, ಸ್ವಲ್ಪ ಕಾಲು ತೆಗೀರಿ. ನೀವು ಗುಬ್ಬಿ ಅಂಗಿ ತುಳ್ಕೊಂಡು ಕೂತಿದೀರಿ.”