ಕೊಬ್ಬರಿ ಅಟ್ಟದಲ್ಲಿ ಹೇಳಿದ ಸುಳ್ಳು

ನನ್ನ ಗಂಡಸುತನಕ್ಕಿಷ್ಟು ಬೆಂಕಿ ಹಾಕ! ಶಿಶ್ನ ಬಾಗಿ ನೋವು ಶುರುವಾದಾಗ, ತಿಪಟೂರಿನ ಡಾಕ್ಟರು ಅದನ್ನು ನಿಧಾನವಾಗಿ ಎಳೆದು ಹಿಡಿಯುವ ಸಾಧನವೊಂದನ್ನು ಬರೆದುಕೊಟ್ಟರು. ಕಾಯಿಲೆಗೆ ನಾಚಿಕೆ ಏಕೆ? ಆದರೂ ಹೆಂಡತಿಗೆ ಹೇಳಲಿಲ್ಲ. ಒಂದೂವರೆ ವರ್ಷ, ದಿನಾ ನಾಲ್ಕು ಗಂಟೆ, ಕೊಬ್ಬರಿ ಅಟ್ಟ ಹತ್ತಿ ಕದ್ದುಮುಚ್ಚಿ ಅದನ್ನು ಹಾಕಿಕೊಂಡೆ. "ಕಾಯಿ ನೋಡ್ತಿದೀನಿ ಕಣೇ" ಎನ್ನುತ್ತಿದ್ದೆ. ಅಟ್ಟಕ್ಕೆ ಹಾಕಿದ ಕಾಯಿಯನ್ನು ಕೊಬ್ಬರಿಯಾಗುವವರೆಗೆ ಯಾರೂ ಮುಟ್ಟುವುದಿಲ್ಲ. ತೆಂಗು ಬೆಳೆಯುವವರ ಮನೆಯಲ್ಲೇ ಬೆಳೆದವಳಿಗೆ ಅದು ಗೊತ್ತಿರಲಿಲ್ಲವೇ?

ಒಂದು ಮಧ್ಯಾಹ್ನ ಏಣಿಯ ಬುಡದಲ್ಲಿ ನಿಂತು ಕೇಳಿದಳು: "ನನ್ನ ಮುಖ ನೋಡೋಕೂ ಬೇಡವಾಯ್ತೇನ್ರೀ?"

ಇಳಿದು ಬಂದು ಸಾಧನ ತೋರಿಸಿದೆ.

"ಇಷ್ಟಕ್ಕಾ? ಥೂ, ಹೇಳಬಾರದಿತ್ತಾ?" ಎಂದು ಅತ್ತಳು.

ಡೊಂಕು ಬಹುಪಾಲು ಸರಿಹೋಗಿದೆ. ಆದರೆ ಇವತ್ತಿಗೂ ನಾನು ಏಣಿಗೆ ಕೈಯಿಟ್ಟರೆ ಅವಳು ಕೆಲಸ ಬಿಟ್ಟು ತಲೆಯೆತ್ತಿ ನೋಡುತ್ತಾಳೆ.